ನೆಟ್‌ನಲ್ಲಿ ನೋಡೋಕೆ ಏನಿದೆ ಅಂದ ಮಗಳಿಗೆ

ತಾಯಿ,

ನೀ ಕೇಳಿದ ಚಲೋ ಸೈಟುಗಳ ಪಟ್ಟಿ ನಾ ಕಳಿಸುವುದಿಲ್ಲ. 'ನಿಮಗೆ ಗೊತ್ತಿಲ್ಲದ ಹತ್ತು ಅದ್ಭುತ ವೆಬ್‌ಸೈಟ್' ಅನ್ನೋ ವಿಡಿಯೊಗಳು ಯೂಟ್ಯೂಬ್ ತುಂಬ ಬಿದ್ದಿವೆ. ಒಂದು ನೋಡಿ ಇನ್ನೊಂದು ನೋಡಿದರೆ ಅದೇ ಹತ್ತು, ಹಿಂದೆ ಮುಂದೆ ಅಷ್ಟೇ. ಎಲ್ಲಾ ಅದೇ ರೀಲ್ಸು, ನೋಡೋಕೆ ಏನೂ ಇಲ್ಲ ಅಂತ ನೀ ಬೇಜಾರು ಮಾಡಿಕೊಂಡದ್ದು ಖರೆ. ಆದರೆ ಪಂಕ್ತಿಯಲ್ಲಿ ಕೂತ ಮೇಲೆ ಬಡಿಸಿದ್ದನ್ನೇ ಉಣ್ಣಬೇಕು, ಅಲ್ವಾ? ಏನಾದರೂ ಬೇರೆ ಬೇಕಿದ್ದರೆ ಎದ್ದು ಹುಡುಕಬೇಕು.

ನನಗೆ ಈ ಹುಡುಕುವ ಚಟ ಹತ್ತಿದ್ದು ಅಂಗಡಿಯಿಂದ. ಗದಗಿನ ಈ ಝೆರಾಕ್ಸ್ ಅಂಗಡಿಯಲ್ಲಿ ಹೊಲದ ಉತಾರ (ಪಹಣಿ) ತೆಗೆಯೋದು, ಸ್ಕಾಲರ್‌ಶಿಪ್ ಫಾರ್ಮ್ ತುಂಬೋದು, ಹಾಲ್ ಟಿಕೆಟ್ ಪ್ರಿಂಟ್ ಹೊಡೆಯೋದು, ಇಷ್ಟರಲ್ಲೇ ದಿನ ಹೋಗುತ್ತದೆ. ಸರ್ವರ್ ಡೌನ್ ಆದಾಗ ಮಾತ್ರ ಪುರಸೊತ್ತು, ಹಾಗಾಗಿ ಪುರಸೊತ್ತು ಭಾಳ. ಆಗ ಸಿಕ್ಕ ವಿಳಾಸಗಳನ್ನು ಉದ್ರಿ ಪುಸ್ತಕದ ಹಿಂಬದಿಗೆ ಬರೆದಿಡುತ್ತೇನೆ. ನಿಮ್ಮವ್ವ ಒಮ್ಮೆ ಅದನ್ನು ನೋಡಿ ಇವರೆಲ್ಲ ಎಷ್ಟು ಬಾಕಿ ಕೊಡಬೇಕು ಅಂತ ಕೇಳಿದಳು.

ಆ ಹಿಂಬದಿಯ ಪುಟಗಳನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಚಲೋ ಸೈಟುಗಳಲ್ಲಿ ಹೆಚ್ಚಿನವು ಯಾರೋ ಒಬ್ಬರ, ಇಲ್ಲವೇ ನಾಲ್ಕು ಮಂದಿಯ ಹುಚ್ಚಿನಿಂದ ಹುಟ್ಟಿದವು. ಅದಕ್ಕೇ ನಾ ಹೊಸ ಸೈಟ್ ತೆರೆದ ಕೂಡಲೇ 'ಅಬೌಟ್' ಎಲ್ಲಿದೆ ಅಂತ ಹುಡುಕುತ್ತೇನೆ. ಮಾಡಿದವರು ಯಾರು, ಮಾಹಿತಿ ಎಲ್ಲಿಂದ ತಂದರು, ಯಾರದನ್ನು ನೋಡಿ ಈ ಕೆಲಸಕ್ಕೆ ಇಳಿದರು ಅಂತ ಅಲ್ಲಿ ಬರೆದಿರುತ್ತಾರೆ. ಮುಂದಿನ ಸೈಟಿಗೆ ದಾರಿ ಸಿಗೋದು ಹೆಚ್ಚಾಗಿ ಅಲ್ಲಿಂದಲೇ.

ಒಂದನ್ನು ಪೂರ್ತಿ ಹೇಳುತ್ತೇನೆ, ಲ್ಯಾಪ್‌ಟಾಪ್ ತೆರೆದುಕೊಂಡು ಓದು. ಅರ್ತ್ ಡಾಟ್ ನಲ್‌ಸ್ಕೂಲ್ ಡಾಟ್ ನೆಟ್ (earth.nullschool.net) ಅಂತ ಹೊಡಿ. ಕಪ್ಪು ಪರದೆಯ ಮೇಲೆ ಭೂಮಿಯ ಗೋಲ ಬರುತ್ತದೆ, ಅದರ ಮೇಲೆ ಗಾಳಿ ಸಣ್ಣ ಸಣ್ಣ ಗೆರೆಯಾಗಿ ಹರಿಯುತ್ತಿರುತ್ತದೆ. ಗೋಲವನ್ನು ಬೆರಳಿನಿಂದ ತಿರುಗಿಸಿ ನಮ್ಮ ಕಡೆ ತಂದುಕೋ. ಜೂನ್, ಜುಲೈನಲ್ಲಿ ನೋಡಿದರೆ ಆಫ್ರಿಕಾದ ದಂಡೆ ಹತ್ತಿರ, ಸೊಮಾಲಿಯಾ ಕಡೆ, ಗಾಳಿ ಸಮಭಾಜಕ ದಾಟಿ ಬಂದು ಬಲಕ್ಕೆ ಹೊರಳಿ, ಅರಬ್ಬಿ ಸಮುದ್ರವನ್ನು ಅಡ್ಡ ಹಾಯ್ದು ಸೀದಾ ನಮ್ಮ ಕರಾವಳಿಗೆ ಬಂದು ಬಡಿಯೋದು ಕಣ್ಣಿಗೆ ಕಾಣುತ್ತದೆ. ಘಟ್ಟದಲ್ಲಿ ಮಳೆ ಸುರಿಸಿ ಮುಂದೆ ಬರುವ ಅದೇ ಗಾಳಿ ನಮ್ಮ ಕಪ್ಪತಗುಡ್ಡದ ಫ್ಯಾನುಗಳನ್ನು ತಿರುಗಿಸುತ್ತದೆ. ಮಳೆ ಅವರಿಗೆ, ಗಾಳಿ ನಮಗೆ. ಗದಗಿನ ಮೇಲೆ ಒಂದು ಸಲ ಒತ್ತಿದರೆ ಗಾಳಿ ಯಾವ ದಿಕ್ಕಿನಿಂದ ಎಷ್ಟು ವೇಗದಲ್ಲಿ ಬೀಸುತ್ತಿದೆ ಅಂತ ತೋರಿಸುತ್ತದೆ.

ಇದನ್ನು 2013ರಲ್ಲಿ ಕ್ಯಾಮರಾನ್ ಬೆಕಾರಿಯೊ ಅನ್ನುವ ಪ್ರೋಗ್ರಾಮರ್ ಒಬ್ಬನೇ ಮಾಡಿದ್ದು. ಕೆಳಗಿನ ಮೂಲೆಯ ಮೆನು ಒತ್ತಿ 'ಅಬೌಟ್'ಗೆ ಹೋದರೆ ಗಾಳಿಯ ಲೆಕ್ಕ ಅಮೆರಿಕದ ಹವಾಮಾನ ಇಲಾಖೆಯ ಕಂಪ್ಯೂಟರಿನದು ಅಂತ ಇದೆ. ಅಂದರೆ ಗದಗಿನಲ್ಲಿ ಯಾರೋ ನಿಂತು ಅಳೆದ ಗಾಳಿ ಅದಲ್ಲ, ಲೆಕ್ಕ ಹಾಕಿ ತೆಗೆದದ್ದು, ಮೂರು ತಾಸಿಗೊಮ್ಮೆ ಹೊಸದಾಗುತ್ತದೆ. ಅದೇ ಪುಟದಲ್ಲಿ ತನಗೆ ಪ್ರೇರಣೆ ಎಲ್ಲಿಂದ ಬಂತು ಅಂತಲೂ ಬರೆದಿದ್ದಾನೆ. ಫರ್ನಾಂಡ ವಿಯೇಗಸ್, ಮಾರ್ಟಿನ್ ವಾಟನ್‌ಬರ್ಗ್ ಅನ್ನುವ ಇಬ್ಬರು 2012ರಲ್ಲಿ ಅಮೆರಿಕದ್ದೊಂದೇ ಗಾಳಿ ನಕ್ಷೆ ಮಾಡಿದ್ದರು. ಕೊಂಡಿ ಅಲ್ಲೇ ಇದೆ, ಒತ್ತಿದರೆ ಅವರ ಬೇರೆ ಕೆಲಸಗಳೂ ಸಿಗುತ್ತವೆ. ಒಂದು ವಿಳಾಸದಿಂದ ಇನ್ನೊಂದಕ್ಕೆ ಹೋಗೋದು ಅಂದರೆ ಇಷ್ಟೇ. ಇನ್ನೊಂದು ಮಜಾ ಇದೆ, ದಿನಾಂಕವನ್ನು ಹಿಂದಕ್ಕೆ ಒಯ್ಯಬಹುದು. 2021ರ ಮೇ 16ಕ್ಕೆ ಒಯ್ದು ನೋಡು, ತೌಕ್ತೆ ಚಂಡಮಾರುತ ನಮ್ಮ ಪಡುವಣ ಸಮುದ್ರದಲ್ಲಿ ಗರಗರ ತಿರುಗುತ್ತಿರುತ್ತದೆ.

ಇನ್ನು ಆರ್ಕೈವ್ ಡಾಟ್ ಆರ್ಗ್. ಹೆಸರು ನಿನಗೆ ಗೊತ್ತಿರಬಹುದು, ಹಳೇ ಪುಸ್ತಕದ ಪಿಡಿಎಫ್ ಸಿಗುವ ಜಾಗ ಅಂತ. ಅಷ್ಟೇ ಅಲ್ಲ ಅದು. ಬ್ರೂಸ್ಟರ್ ಕೇಲ್ ಅನ್ನುವವರು 1996ರಲ್ಲಿ ವೆಬ್‌ಸೈಟುಗಳ ನಕಲು ತೆಗೆದು ಇಡೋಕೆ ಶುರು ಮಾಡಿದರು. ಈಗ ಅವರ ಕಚೇರಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಹಳೇ ಚರ್ಚ್ ಕಟ್ಟಡದಲ್ಲಿದೆ. ಆ ನಕಲುಗಳನ್ನು ನೋಡುವ ಕಿಟಕಿಗೆ ವೇಬ್ಯಾಕ್ ಮಷಿನ್ ಅಂತ ಹೆಸರು, 2001ರಿಂದ ಎಲ್ಲರಿಗೂ ತೆರೆದಿದೆ. ಅಂಗಡಿಯಲ್ಲಿ ನನಗೆ ಇದು ಸುಮ್ನೆ ಹವ್ಯಾಸವಲ್ಲ. ಹುಡುಗರು ಬಂದು 'ಅಂಕಲ್, ಹೋದ ವರ್ಷದ ನೋಟಿಫಿಕೇಶನ್ ಬೇಕು, ಸೈಟಿನಿಂದ ತೆಗೆದುಬಿಟ್ಟಿದ್ದಾರೆ' ಅನ್ನುತ್ತಾರೆ. ಹಳೇ ಪುಟದ ವಿಳಾಸವನ್ನು ಅಲ್ಲಿ ಹಾಕಿದರೆ ಕ್ಯಾಲೆಂಡರ್ ಬರುತ್ತದೆ, ನಕಲು ತೆಗೆದ ದಿನಗಳಿಗೆ ಬಣ್ಣದ ಗುಂಡಗಿನ ಗುರುತು ಇರುತ್ತದೆ, ಆ ದಿನ ಒತ್ತಿದರೆ ಪುಟ ಅವತ್ತು ಹೇಗಿತ್ತೋ ಹಾಗೆ. ಎಲ್ಲಾ ಸಲ ಸಿಗಲ್ಲ. ಲಾಗಿನ್ ಕೇಳುವ ಪುಟಗಳಂತೂ ಇರೋದೇ ಇಲ್ಲ. ಅದಕ್ಕೆ ನಿನ್ನ ಯೂನಿವರ್ಸಿಟಿ ಸಿಲಬಸ್, ಹಳೇ ಪ್ರಶ್ನೆಪತ್ರಿಕೆ ಇಂಥವು ಕಂಡಾಗ ಅಲ್ಲಿಯ 'ಸೇವ್ ಪೇಜ್ ನೌ' ಜಾಗದಲ್ಲಿ ವಿಳಾಸ ಹಾಕಿ ನೀನೇ ನಕಲು ಮಾಡಿಸಿಡು. ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಕನ್ನಡ ಪುಸ್ತಕ ಹುಡುಕುವಾಗ ಒಂದು ಕಿತಾಪತಿ ಇದೆ. ಸ್ಕ್ಯಾನ್ ಮಾಡಿದವರು ಪುಸ್ತಕದ ಹೆಸರನ್ನು ಬಹಳಷ್ಟು ಕಡೆ ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತಿಳಿದ ಹಾಗೆ ಬರೆದಿದ್ದಾರೆ. ಹಾಗಾಗಿ ಕನ್ನಡದಲ್ಲಿ ಹುಡುಕಿ ಇಲ್ಲ ಅಂತ ವಾಪಸ್ ಬರಬೇಡ. ಇಂಗ್ಲಿಷ್‌ನಲ್ಲಿ ಒಂದು 'ಎ' ಹಾಕಿ, ಎರಡು 'ಎ' ಹಾಕಿ, 'ಎಚ್' ತೆಗೆದು ಎಲ್ಲಾ ತರಹ ಬರೆದು ನೋಡು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಪೂರ್ತಿ ಅಲ್ಲಿದೆ. ಧಾರವಾಡದಲ್ಲಿ ಕಿಟೆಲ್ ಕಾಲೇಜಿನ ಮುಂದೆ ಓಡಾಡುವವಳು ನೀನು, ಒಮ್ಮೆ ತೆರೆದಾದರೂ ನೋಡು. ದಿನದ ಉಪಯೋಗಕ್ಕೆ ಮಾತ್ರ ಅಲರ್ ಡಾಟ್ ಇಂಕ್ ಚಲೋ. ವಿ. ಕೃಷ್ಣ ಅನ್ನುವ ಒಬ್ಬರೇ ನಾಲ್ಕು ದಶಕ ಕೂತು ಕೂಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದಕ್ಕಿಂತ ಜಾಸ್ತಿ ಇವೆ. ಜಾಹೀರಾತಿಲ್ಲ, ಹೆಸರು ನಂಬರ್ ಕೇಳಲ್ಲ. ಅದರ ಜೊತೆಗೆ ವಚನ ಸಂಚಯ ಅನ್ನುವ ಸೈಟನ್ನೂ ಇಟ್ಟುಕೋ. ಒಂದು ಪದ ಹಾಕಿದರೆ ಆ ಪದ ಬರುವ ವಚನಗಳೆಲ್ಲ ಯಾರು ಬರೆದದ್ದು ಅನ್ನೋದರ ಸಮೇತ ಸಾಲಾಗಿ ಬರುತ್ತವೆ. ನಿನ್ನ ಧಾರವಾಡದಲ್ಲೇ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಇದೇ ವಚನಗಳ ಓಲೆಗರಿ ಹುಡುಕಿಕೊಂಡು ಮನೆ ಮನೆ ತಿರುಗಿದ್ದರು. ನಿನಗೆ ಅಸೈನ್‌ಮೆಂಟ್ ಬರೆಯೋಕೆ ಐದು ನಿಮಿಷ ಸಾಕು.

ನಿನ್ನ ತಮ್ಮನಿಗೆ ಹಿಡಿಸಿದ್ದು ನೀಲ್ ಡಾಟ್ ಫನ್‌ನಲ್ಲಿರುವ ಸಮುದ್ರದ ಪುಟ. ಕೆಳಗೆ ಎಳೆದಷ್ಟೂ ನೀರಿನ ಆಳಕ್ಕೆ ಇಳಿಯುತ್ತೀ, ಯಾವ ಪ್ರಾಣಿ ಎಷ್ಟು ಮೀಟರ್ ಕೆಳಗೆ ಇರುತ್ತದೋ ಅಲ್ಲಿ ಅದು ಎದುರಾಗುತ್ತದೆ, ಹತ್ತು ಸಾವಿರ ಮೀಟರ್ ದಾಟುವವರೆಗೂ ತಳ ಸಿಗಲ್ಲ. ಉಪಯೋಗ ಏನು ಅಂತ ಕೇಳಬೇಡ. ಹೆಬ್ಬೆರಳು ನೋಯುತ್ತದೆ ಅಷ್ಟೇ.

ನನಗೆ ಇಷ್ಟದ್ದು ಝೆನೊ-ಕ್ಯಾಂಟೊ (xeno-canto). ಹಕ್ಕಿಗಳ ದನಿಯ ಸಂಗ್ರಹ, 2005ರಲ್ಲಿ ಶುರುವಾದದ್ದು. ಜಗತ್ತಿನ ಮೂಲೆ ಮೂಲೆಯ ಮಂದಿ ತಾವು ರೆಕಾರ್ಡ್ ಮಾಡಿದ್ದನ್ನು ಊರು, ದಿನ, ಹೊತ್ತು ಬರೆದು ಅಲ್ಲಿ ಹಾಕುತ್ತಾರೆ. ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುತ್ತಾವಲ್ಲ, ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತು, ಅದರ ದನಿ ಹುಡುಕಿ ಕೇಳು. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಆ ಸೈಟಿನಲ್ಲಿ ಕೆಲವು ಅಪರೂಪದ ಹಕ್ಕಿಗಳ ದನಿಯನ್ನು ಬೇಕಂತಲೇ ಮುಚ್ಚಿಟ್ಟಿದ್ದಾರೆ, ಹಿಡಿಯುವವರು ಅದನ್ನೇ ಕೇಳಿಸಿ ಹಕ್ಕಿಯನ್ನು ಹತ್ತಿರ ಕರೆಯಬಾರದು ಅಂತ. ಮಾಡಿದವರಿಗೆ ಆ ವಿಷಯದ ಮೇಲೆ ಅಕ್ಕರೆ ಇದೆಯೋ ಇಲ್ಲವೋ ಅಂತ ನಾ ನೋಡೋದು ಇಂಥ ಕಡೆ.

ಸರಕಾರಿ ಸೈಟು ಅಂದರೆ ನೀ ಮೂಗು ಮುರಿಯುತ್ತೀ, ಅಲ್ಲೂ ಎರಡು ಹೇಳಲೇಬೇಕು. ಒಂದು ಸಂಚಾರ್ ಸಾಥಿ. ನಿನ್ನ ನಂಬರ್ ಹಾಕಿ ಓಟಿಪಿ ಕೊಟ್ಟರೆ ನಿನ್ನ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ತೋರಿಸುತ್ತದೆ, ನಿನ್ನದಲ್ಲದ್ದು ಇದ್ದರೆ ಅಲ್ಲೇ ತಿಳಿಸಬಹುದು. ಫೋನ್ ಕಳೆದರೆ ಬ್ಲಾಕ್ ಮಾಡಿಸೋದೂ ಅಲ್ಲೇ. ಹಾಸ್ಟೆಲಿನ ಗೆಳತಿಯರಿಗೆಲ್ಲ ಒಮ್ಮೆ ನೋಡಿಸು. ಇನ್ನೊಂದು ರಿಸರ್ವ್ ಬ್ಯಾಂಕಿನ ಉದ್ಗಮ್, 2023ರಲ್ಲಿ ಬಂದದ್ದು. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಮುಟ್ಟದ ಹಣ ಇರುತ್ತದಲ್ಲ, ಅದನ್ನು ಹೆಸರು ಹಾಕಿ ಹುಡುಕಬಹುದು. ಹೆಸರಿನ ಜೊತೆ ಪ್ಯಾನ್ ನಂಬರೋ, ವೋಟರ್ ಐಡಿಯೋ, ಹುಟ್ಟಿದ ದಿನವೋ ಒಂದು ಬೇಕು. ಹಣ ಅಲ್ಲೇ ಕೈಗೆ ಬರಲ್ಲ, ಯಾವ ಬ್ಯಾಂಕಿನಲ್ಲಿದೆ ಅಂತ ತಿಳಿಯುತ್ತದೆ, ಮುಂದೆ ಬ್ಯಾಂಕಿಗೇ ಹೋಗಬೇಕು. ನಿಮ್ಮಜ್ಜನ ಹೆಸರು ಹಾಕಿ ನೋಡಿದೆ, ಏನೂ ಇಲ್ಲ. ಅಜ್ಜನ ಲೆಕ್ಕ ಅಷ್ಟು ಚೊಕ್ಕ.

ಇಂಥ ಹಣದ, ಸರಕಾರದ ಸೈಟುಗಳಿಗೆ ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತಬೇಡ. ಮೇಲಿರೋದು ಎಷ್ಟೋ ಸಲ ಜಾಹೀರಾತು, ದುಡ್ಡು ಕಳೆದುಕೊಂಡು ನನ್ನ ಅಂಗಡಿಗೆ ಬಂದು ಕೂತವರನ್ನು ನೋಡಿದ್ದೇನೆ. ವಿಳಾಸವನ್ನು ಹಿಂದಿನಿಂದ ಓದು. ಶುರುವಿನ https:// ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗಿಂತ (/) ಮುಂಚೆ ಕೊನೆಗೆ ಏನಿದೆ ಅನ್ನೋದು ಮುಖ್ಯ. ಸರಕಾರದ್ದು ಹೆಚ್ಚಾಗಿ ಗವ್ ಡಾಟ್ ಇನ್ ಅಂತ ಮುಗಿಯುತ್ತದೆ, ಉದ್ಗಮ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಅಂತ. ಬ್ಯಾಂಕುಗಳೂ 2025ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಬ್ಯಾಂಕ್ ಡಾಟ್ ಇನ್‌ಗೆ ಬದಲಾಗಿವೆ. ಮೊದಲಿನ ಅರ್ಧದಲ್ಲಿ ಯಾರು ಬೇಕಾದರೂ ಯಾರ ಹೆಸರು ಬೇಕಾದರೂ ಬರೆಯಬಹುದು, ಹಿಂದಿನದು ಹಾಗಲ್ಲ. ಮೋಸ ಆದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಆಮೇಲೆ ನನಗೆ ಮಾಡು, ಈ ಕ್ರಮ ತಪ್ಪಿಸಬೇಡ.

ಇನ್ನೂ ಇವೆ. ಸಿಡಿಲು ಎಲ್ಲೆಲ್ಲಿ ಬಿತ್ತು ಅಂತ ಆಗಿಂದಾಗ ತೋರಿಸುವ ಲೈಟ್ನಿಂಗ್‌ಮ್ಯಾಪ್ಸ್ ಇದೆ, ಹಸಿರು ಚುಕ್ಕೆ ಒತ್ತಿದರೆ ಆ ಊರಿನ ರೇಡಿಯೊ ಹಾಡುವ ರೇಡಿಯೊ ಗಾರ್ಡನ್ ಇದೆ. ಅವನ್ನು ನೀನೇ ತೆರೆದು ನೋಡು. ನಿನಗೆ ಹೊಸದೇನಾದರೂ ಸಿಕ್ಕರೆ ವಾಟ್ಸಾಪ್ ಮಾಡು, ಆದರೆ ಸ್ಕ್ರೀನ್‌ಶಾಟ್ ಕಳಿಸಬೇಡ, ವಿಳಾಸ ಕಳಿಸು. ಸ್ಕ್ರೀನ್‌ಶಾಟ್ ಒತ್ತಿದರೆ ಏನೂ ತೆರೆಯಲ್ಲ. ಮತ್ತೆ ಈ ಸಲ ಬರುವಾಗ ನನ್ನ ಹಳೇ ಪೆನ್‌ಡ್ರೈವ್ ತಗೊಂಡು ಬಾ, ಕಿಟೆಲ್ ನಿಘಂಟಿನ ಫೈಲ್ ದೊಡ್ಡದು, ಇಲ್ಲೇ ಇಳಿಸಿ ಇಟ್ಟಿದ್ದೇನೆ.

ನಿನ್ನ ಅಪ್ಪ