ಗುಜರಿಯವನು ಬರುವ ಮೊದಲು

ಚಿ. ಸೌಮ್ಯಳಿಗೆ ಅತ್ತೆಯ ಆಶೀರ್ವಾದಗಳು.

ಹಳೇ ಮನೆಯ ಅಟ್ಟದ ಸಾಮಾನೆಲ್ಲ ಭಾನುವಾರ ಗುಜರಿಗೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಹಾಕಿ, ಬೇಡ ಅನ್ನುವುದಿಲ್ಲ. ಎಲ್ಲ ಹೊತ್ತುಕೊಂಡು ಹೋಗಿ ಫ್ಲ್ಯಾಟಿನಲ್ಲಿ ಎಲ್ಲಿ ಇಡ್ತೀಯ? ಆದರೆ ತಕ್ಕಡಿಗೆ ಹಾಕುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡು.

ಒರಳುಕಲ್ಲು ಮೊದಲು ಕೊಟ್ಟುಬಿಡು. ಒರಳಲ್ಲಿ ರುಬ್ಬಿದ ಚಟ್ನಿಯ ರುಚಿಯೇ ಬೇರೆ ಅಂತ ಹೇಳುವವರು ಜಾಸ್ತಿ. ರುಚಿ ನಿಜ. ರುಬ್ಬಿದವರ ಭುಜ ಅವರು ನೋಡಿಲ್ಲ, ಅಷ್ಟೆ. ಮನೆಗೆ ಗ್ರೈಂಡರ್ ಬಂದ ದಿನ ನಿಮ್ಮಜ್ಜಿ ಅದಕ್ಕೆ ಕುಂಕುಮ ಇಟ್ಟು ಕೈ ಮುಗಿದಿದ್ದರು.

ಕಲ್ಚಟ್ಟಿ ಮಾತ್ರ ಕೊಡಬೇಡ. ಕರ್ರಗೆ, ಭಾರವಾಗಿ, ಅಂಚಿನಲ್ಲಿ ಒಂದು ಚೂರು ಹಾರಿದೆಯಲ್ಲ, ಅದೇ. ಬಳಪದ ಕಲ್ಲಿನದು. 1117ರ ಬೇಲೂರು ದೇವಸ್ಥಾನದ ಶಿಲಾಬಾಲಿಕೆಯರನ್ನು ಕಡೆದದ್ದೂ ಇದೇ ಜಾತಿಯ ಮೆತ್ತನೆ ಕಲ್ಲಿನಲ್ಲಿ. ಹಿತ್ತಾಳೆಯಲ್ಲಿ ಹುಳಿ ಕುದಿಸಬೇಕಾದರೆ ಒಳಗೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ಕಿಲುಬುತ್ತದೆ. ಕಲಾಯಿಯವನು ಬೀದಿಗೆ ಬಂದು, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಹೋಗುತ್ತಿದ್ದ. ಕಲ್ಲಿಗೆ ಆ ರಗಳೆ ಇಲ್ಲ. ಹುಣಿಸೆಹಣ್ಣು ಎಷ್ಟು ಹಿಂಡಿದರೂ ಅದಕ್ಕೇನೂ ಆಗುವುದಿಲ್ಲ. ಇಳಿಸಿದ ಮೇಲೂ ಸಾರು ಕೊತಕೊತ ಅಂತಿರುತ್ತದೆ. ಅದಕ್ಕೇ ಅಮ್ಮ ಮೊದಲೇ ಸೌದೆ ಹಿಂದಕ್ಕೆ ಎಳೆದುಬಿಡುತ್ತಿದ್ದರು.

ಮದುವೆಯಾದ ವರ್ಷ ಅಮ್ಮ ನನಗೂ ಒಂದು ಹೊಸ ಕಲ್ಚಟ್ಟಿ ಕೊಟ್ಟಿದ್ದರು. ಎಣ್ಣೆ ಸವರಿ, ದಿನಾ ಬಿಸಿ ಗಂಜಿ ಹೊಯ್ದು ಪಳಗಿಸು ಅಂದಿದ್ದರು. ನನಗೆ ಅವಸರ. ನೇರ ದೊಡ್ಡ ಉರಿಗೆ ಇಟ್ಟೆ. ಟಪ್ ಅಂತು, ಬೇಳೆ ಎಲ್ಲ ಒಲೆಪಾಲು. ನಿನಗೆ ಸಿಗುತ್ತಿರುವುದು ಆಗಲೇ ಪಳಗಿದ್ದು. ಆದರೂ ಸಣ್ಣ ಉರಿಯಲ್ಲೇ ಶುರು ಮಾಡು, ಕಾದಿರುವಾಗ ತಣ್ಣೀರು ಹಾಕಬೇಡ. ಅದರಲ್ಲಿ ಮನಿಪ್ಲಾಂಟ್ ಬೆಳೆಸಿದೆಯೋ, ನಿನ್ನ ಮನೆಗೆ ನಾನು ಬರುವುದಿಲ್ಲ.

ಅದರಲ್ಲಿ ಮೊದಲು ಮೆಣಸಿನ ಸಾರು ಮಾಡು. ಮೆಣಸಿನಕಾಯಿ ಅಮೆರಿಕ ಖಂಡದ್ದು, ನಮ್ಮ ಕಡೆಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು. ಅವರು ಗೋವಾ ಹಿಡಿದದ್ದೇ 1510ರಲ್ಲಿ. ಅದಕ್ಕೂ ಹಿಂದೆ ಖಾರ ಅಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ಮೆಣಸಿನ ಹೆಸರನ್ನೇ ಅಂಟಿಸಿದೆವು, ನೋಡು. ನಮ್ಮ ಮನೆ ತಿಥಿ ಅಡುಗೆಗೆ ಈಗಲೂ ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಸೇರಿಸುವುದಿಲ್ಲ. ಸಪ್ಪೆ ಅಂತ ನೀನು ಮೂಗು ಮುರಿಯುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಐನೂರು ವರ್ಷದ ಹಿಂದಿನ ಅಡುಗೆಮನೆ ಅದು.

ಈಳಿಗೆಮಣೆ ನಿನ್ನಿಷ್ಟ. ಕೆಳಗೆ ಕೂತು ಹೆಚ್ಚುವ ಅಭ್ಯಾಸ ಇದ್ದರೆ ಇಟ್ಟುಕೋ. ಶಾವಿಗೆ ಒರಳು ಚಿಕ್ಕಮ್ಮ ಕೇಳಿದ್ದಾಳೆ.

ಇನ್ನು ಹಿತ್ತಾಳೆ ಪಾವು. ನಾಲ್ಕು ಚಟಾಕಿಗೆ ಪಾವು, ನಾಲ್ಕು ಪಾವಿಗೆ ಸೇರು. 1956ರಲ್ಲಿ ಮೆಟ್ರಿಕ್ ಕಾನೂನು ಬಂದು, ಮುಂದೆ ಅಂಗಡಿಯಲ್ಲಿ ಕಿಲೋ ಬಂದರೂ ಅಮ್ಮನ ಅಕ್ಕಿ ಡಬ್ಬದಲ್ಲಿ ಪಾವೇ. ಪಕ್ಕದ ಮನೆಗೆ ಕೊಡುವಾಗ ರಾಶಿ ತುಂಬಿ ಕೊಡುತ್ತಿದ್ದರು, ವಾಪಸ್ ತಗೊಳ್ಳುವಾಗ ಅಂಗೈಯಲ್ಲಿ ಸವರಿ ಸಮ ಮಾಡುತ್ತಿದ್ದರು. ಅದರ ಬಾಯಂಚು ಒಂದು ಕಡೆ ಸವೆದಿದೆ, ಬೆರಳಾಡಿಸಿ ನೋಡು. ಅದು ನನಗೆ ಬೇಕು. ಯುಗಾದಿಗೆ ಬರುವಾಗ ಮರೆಯದೆ ತಾ.

ನಿನ್ನ ಅತ್ತೆ