ಕಿರಿಯರೂ ಕಲಿಸಲಿ

ಸಂಪಾದಕರಿಗೆ ನಮಸ್ಕಾರ.

ಅನುಭವಿಗಳಷ್ಟೇ ಕಲಿಸಬಲ್ಲರು ಎಂಬ ನಂಬಿಕೆ ತರಬೇತಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಆದರೆ ಕೈ ಪಳಗಿದವರು ಎಷ್ಟೋ ಹಂತಗಳನ್ನು ಅಭ್ಯಾಸಬಲದಿಂದ ಮಾಡಿಬಿಡುತ್ತಾರೆ, ಹೇಳಿಕೊಡುವಾಗ ಅವೇ ಬಿಟ್ಟುಹೋಗುತ್ತವೆ. ಮೊನ್ನೆ ಮೊನ್ನೆ ಕಲಿತವರಿಗೆ ತಾವು ಎಡವಿದ ಜಾಗ ಇನ್ನೂ ನೆನಪಿರುತ್ತದೆ.

ಗ್ಯಾರೇಜಿನ ಸಹಾಯಕನನ್ನೇ ನೋಡಿ. ಚಕ್ರದ ನಟ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸುತ್ತಾನೆ. ಆಮೇಲೆ ಸ್ಪ್ಯಾನರ್ ಹಿಡಿದು ಒಂದನ್ನು ಬಿಗಿದು, ಪಕ್ಕದ್ದನ್ನು ಬಿಟ್ಟು, ಎದುರಿನದಕ್ಕೆ ಹೋಗುತ್ತಾನೆ. ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂರಬಹುದು, ಓಡುವಾಗ ನಟ್ಟು ಸಡಿಲಾಗಬಹುದು. "ಹೇಗೆ ಬಿಗಿಯುತ್ತೀಯ?" ಎಂದರೆ "ಗಟ್ಟಿಯಾಗಿ ಸಾರ್" ಅನ್ನುತ್ತಾನೆ, ಅಷ್ಟೇ. "ಮಾಡಿ ತೋರಿಸಪ್ಪ" ಎನ್ನಬೇಕು. ಮೊದಲ ಸಲ ಮಾತಿಲ್ಲದೆ ನೋಡಿ. ಎರಡನೇ ಸಲ ಅವನ ಕೈ ತಡೆದಲ್ಲೆಲ್ಲ "ಇಲ್ಲಿ ಯಾಕೆ ನಿಲ್ಲಿಸಿದೆ?" ಎಂದು ಕೇಳಿ. ಮೂರನೇ ಸಲ ಸ್ಪ್ಯಾನರ್ ನಿಮ್ಮ ಕೈಯಲ್ಲಿರಲಿ, ತಪ್ಪು ಹೇಳುವ ಅಧಿಕಾರ ಅವನಿಗಿರಲಿ.

ಕೆಡುವುದು ಇಲ್ಲೇ. "ಅದು ನನಗೆ ಗೊತ್ತು" ಎಂದಿರೋ, ಕಿರಿಯರು ಬಾಯಿ ಮುಚ್ಚುತ್ತಾರೆ. ಹಾಗೆಂದು ಅವರು ಹೇಳಿದ್ದೆಲ್ಲ ಸರಿಯೆಂದಲ್ಲ. ಎಷ್ಟು ಬಿಗಿಯಬೇಕೆಂಬುದನ್ನು ವಾಹನದ ಕೈಪಿಡಿ ನೋಡಿ, ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ವ್ರೆಂಚಿನಲ್ಲೇ ಖಚಿತಪಡಿಸಿಕೊಳ್ಳಿ.

ತರಬೇತಿ ವೇಳಾಪಟ್ಟಿಯಲ್ಲಿ ವಾರಕ್ಕೆ ಅರ್ಧ ಗಂಟೆ ಕಿರಿಯರ ಪಾಠಕ್ಕೂ ಮೀಸಲಿಡಲಿ.