ಮಗಳಿಗೊಂದು ಪತ್ರ: ಆ 16 ಸಾವಿರದ ಕೆಲಸ ಬಿಡುವ ಮುಂಚೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಅಳುತ್ತಾ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೇ ಬೀಳುತ್ತೇವೆ. ಅದಕ್ಕೆ ಬರೆದು ಕಳಿಸುತ್ತಿದ್ದೇನೆ. ಸೋಮವಾರ ರಾಜೀನಾಮೆ ಕೊಡುತ್ತೇನೆ ಅಂದೆಯಲ್ಲ, ಅದಕ್ಕೆ ಮುಂಚೆ ಓದು.

ನಿನ್ನ ಲೆಕ್ಕ ನನಗೆ ಅರ್ಥವಾಗುತ್ತದೆ. ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಮೂರು ವರ್ಷ. ಆಮೇಲೆ ಇಂಟರ್ನ್‌ಶಿಪ್ ಅಂತ ಒಂದು ವರ್ಷ, ಬಿಡಿಗಾಸು ಕೊಡದೆ ನೈಟ್ ಡ್ಯೂಟಿ ಮಾಡಿಸಿಕೊಂಡರು. ಈಗ ಅದೇ ಕೆಲಸಕ್ಕೆ ತಿಂಗಳಿಗೆ 16 ಸಾವಿರ. ಪಿ.ಜಿ. ಬಾಡಿಗೆಗೇ 8 ಸಾವಿರ ಹೋಗುತ್ತದೆ, ಎಜುಕೇಶನ್ ಲೋನಿನ ಕಂತು ಬೇರೆ. ಆ ಕಡೆ ಕಂಪ್ಯೂಟರ್ ಮುಂದೆ ಕೂತು ರೋಗಿಗಳ ದಾಖಲೆಗೆ ಬಿಲ್ಲಿನ ಕೋಡ್ ಹಾಕುವ ಮೆಡಿಕಲ್ ಕೋಡಿಂಗ್ ಕಂಪನಿಯವರು 24 ಸಾವಿರ ಕೊಡುತ್ತೇವೆ ಅಂತಿದ್ದಾರೆ. ಯಾರಿಗಾದರೂ ಆಸೆ ಆಗುತ್ತದೆ. ಅಂಗನವಾಡಿಯಲ್ಲಿ ಇಷ್ಟು ವರ್ಷ ಗೌರವಧನಕ್ಕೆ ದುಡಿದವಳು ನಾನು. ಕಮ್ಮಿ ಸಂಬಳದಲ್ಲಿ ತಿಂಗಳ ಕೊನೆ ಹೇಗಿರುತ್ತದೆ ಅಂತ ಗೊತ್ತು. ಆ ಲೋನು ನಿನ್ನ ತಲೆ ಮೇಲೆ ಬಿತ್ತಲ್ಲ ಅನ್ನುವುದು ನನಗೆ ದಿನಾ ಕೊರೆಯುತ್ತದೆ. ಕ್ಷಮಿಸು ಕಣೇ.

ಆದರೆ "ಇಸಿಜಿ ತೆಗೆಯೋದೂ ಒಂದು ಕೆಲಸಾನಾ ಅಮ್ಮ, ಯಾರು ಬೇಕಾದರೂ ತೆಗೀತಾರೆ" ಅಂದೆ. ಆ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅಪ್ಪನ ಆ ರಾತ್ರಿಯ ಬಗ್ಗೆ ನಾವು ಮನೆಯಲ್ಲಿ ಜಾಸ್ತಿ ಮಾತಾಡಿಲ್ಲ. ಮೈಸೂರಿಗೆ ಹೋದ ಮೇಲಿನದೆಲ್ಲ ನಿನಗೇ ಗೊತ್ತು. ಅದಕ್ಕೆ ಮುಂಚಿನದು ಪೂರ್ತಿ ಗೊತ್ತಿಲ್ಲ. ಊಟ ಆದ ಮೇಲೆ ಎದೆ ಉರಿ ಅಂದರು, ಜೀರಿಗೆ ನೀರು ಕುಡಿದರು. ಹನ್ನೊಂದರ ಹೊತ್ತಿಗೆ ಬನಿಯನ್ ಪೂರ್ತಿ ಬೆವರಿನಲ್ಲಿ ತೊಯ್ದಿತ್ತು. ಪಕ್ಕದ ಮನೆಯವರ ಆಟೋದಲ್ಲಿ ತಾಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿ ಇಸಿಜಿಗೆ ಒಬ್ಬ ಹುಡುಗ ಇದ್ದ. ನಿನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು.

ಅವನು ಮಾಡಿದ್ದನ್ನೆಲ್ಲ ನಾನು ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದೆ. ಅಪ್ಪನ ಎದೆ ಮೇಲಿನ ಬೆವರು ಒರೆಸಿದ. ಎದೆಗೆ ಅಂಟಿಸುವ ಇಸಿಜಿಯ ರಬ್ಬರ್ ಬಲ್ಬು ಕೂರಲಿಲ್ಲ. ರೇಜರ್ ತಂದು ಅಷ್ಟು ಜಾಗದ ಕೂದಲು ತೆಗೆದ, ಜೆಲ್ ಹಚ್ಚಿದ. ಪಕ್ಕೆಲುಬುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸುತ್ತಾ ಇಳಿದು, ನಾಲ್ಕನೇ ಸಂದಿಯಲ್ಲಿ ಮೊದಲನೆಯದನ್ನು ಕೂರಿಸಿದ. ಆಮೇಲೆ ಕೈಕಾಲಿನ ಕ್ಲಿಪ್ಪುಗಳು. ಕೆಂಪು ಬಲಗೈ, ಹಳದಿ ಎಡಗೈ, ಹಸಿರು ಎಡಗಾಲು, ಕಪ್ಪು ಬಲಗಾಲು. ಫಸ್ಟ್ ಇಯರ್ ರಜೆಯಲ್ಲಿ ನೀನು ಅಡುಗೆಮನೆಯಲ್ಲಿ ಓಡಾಡುತ್ತಾ ಬಾಯಿಪಾಠ ಮಾಡುತ್ತಿದ್ದೆಯಲ್ಲ, ಅದೇ. ಸರಿ ಹಾಕಿದ್ದಾನಾ ಅಂತ ನಾನೂ ಮನಸ್ಸಿನಲ್ಲೇ ನೋಡಿಕೊಂಡೆ.

ಇಸಿಜಿಯ ಮೊದಲ ಕಾಗದದ ಪಟ್ಟಿ ಬಂತು. ನಾರ್ಮಲ್ ಅಂತ ಮೆಷಿನ್ನೇ ಮೇಲುಗಡೆ ಪ್ರಿಂಟ್ ಮಾಡಿತ್ತು. ಹೆರಿಗೆ ವಾರ್ಡಿನಿಂದ ಓಡಿಬಂದ ಡ್ಯೂಟಿ ಡಾಕ್ಟರು ನೋಡಿದರು, ಗ್ಯಾಸ್ಟ್ರಿಕ್ ಇರಬಹುದು, ಇಂಜೆಕ್ಷನ್ ಕೊಟ್ಟು ಕಳಿಸೋಣ ಅಂದರು. ನಾನು ಚಪ್ಪಲಿ ಹಾಕಿಕೊಳ್ಳುವುದರಲ್ಲಿದ್ದೆ. ಆ ಹುಡುಗ ಬಲ್ಬುಗಳನ್ನು ತೆಗೆಯಲೇ ಇಲ್ಲ. "ಸಾರ್, ಬೆವರು ನಿಂತಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ತೆಗೀಲಾ?" ಅಂದ. ಡಾಕ್ಟರು ಹೂಂ ಅಂದರು. ಒಳ್ಳೆಯವರು, ಹುಡುಗನ ಮಾತು ಕೇಳಿದರು.

ಎರಡನೇ ಪಟ್ಟಿಯಲ್ಲಿ ಗೆರೆ ಮೇಲಕ್ಕೆದ್ದಿತ್ತು, ಹಾರ್ಟ್ ಅಟ್ಯಾಕ್‌ನ ಗುರುತು. ಹುಡುಗ ತಾನಾಗಿಯೇ ಬಲ್ಬನ್ನು ಎದೆಯ ಬಲಗಡೆಗೆ ಹಾಕಿ ಇನ್ನೊಂದು ತೆಗೆದ. ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ಹೃದಯದ ಕೆಳಭಾಗಕ್ಕೆ ಏಟು ಬಿದ್ದಾಗ ಬಲಭಾಗಕ್ಕೂ ಬಿದ್ದಿದೆಯಾ ಅಂತ ಹಾಗೆ ನೋಡುತ್ತಾರೆ, ಬಿದ್ದಿದ್ದರೆ ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಟ್ಟರೆ ಬಿ.ಪಿ. ಕುಸಿದುಬಿಡಬಹುದು ಅಂತ ನೀನೇ ಆಮೇಲೆ ಹೇಳಿದ್ದು. ಆ ಮಾತ್ರೆ ಡಾಕ್ಟರ ಕೈಯಲ್ಲೇ ಇತ್ತು ಪುಟ್ಟಿ. ಆ ಪಟ್ಟಿ ನೋಡಿ ವಾಪಸ್ ಇಟ್ಟರು. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿಯನ್ನು ಜಯದೇವಕ್ಕೆ ಕಳಿಸಿದರು, ಅಲ್ಲಿನ ಡಾಕ್ಟರು ಹೇಳಿದ ಮೇಲೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆಯಾಗಿ ಕೊಟ್ಟರು. ಹೊರಗೆ ಅದಕ್ಕೆ ಹತ್ತಾರು ಸಾವಿರ. ಆದರೆ ಎರಡನೇ ಪಟ್ಟಿ ತೆಗೆಯದೇ ಇದ್ದಿದ್ದರೆ ಜಯದೇವಕ್ಕೆ ಏನು ಕಳಿಸುತ್ತಿದ್ದರು? ನಾವು ಆಟೋ ಹತ್ತಿ ಮನೆಗೆ ಬಂದಿರುತ್ತಿದ್ದೆವು. ನಾನು ಪಕ್ಕದಲ್ಲೇ ಮಲಗಿರುತ್ತಿದ್ದೆ. ಈಗಲೂ ಕೆಲವು ರಾತ್ರಿ ಎದ್ದು ಅಪ್ಪನ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತೇನೆ.

ಆಂಬುಲೆನ್ಸ್ ಬರುವವರೆಗೆ ಆ ಹುಡುಗನನ್ನು ಸಂಬಳ ಎಷ್ಟಪ್ಪ ಅಂತ ಕೇಳಿದೆ. ಅಂಥ ಹೊತ್ತಿನಲ್ಲಿ ಯಾಕೆ ಕೇಳಿದೆನೋ, ನಿನ್ನ ನೆನಪಾಗಿರಬೇಕು. ಏಜೆನ್ಸಿ ಕಡೆಯಿಂದ ಹೊರಗುತ್ತಿಗೆಯಂತೆ, 13 ಸಾವಿರವಂತೆ, ಅದೂ ಎರಡು ತಿಂಗಳಿಂದ ಬಂದಿಲ್ಲವಂತೆ. ಮರು ವರ್ಷ ಹೋದಾಗ ಅವನು ಇರಲಿಲ್ಲ, ಮಸ್ಕತ್‌ಗೆ ಹೋದ ಅಂದರು. ಅಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುತ್ತಾನಂತೆ. ಅವನಿಗೆ ಒಳ್ಳೆಯದಾಗಲಿ. ಇಲ್ಲಿ ಈಗ ಕೈ ಖಾಲಿ ಇರುವ ಸ್ಟಾಫ್ ನರ್ಸ್ ಬಂದು ಇಸಿಜಿ ತೆಗೆಯುತ್ತಾರೆ. ಅವರನ್ನು ದೂರಲಾರೆ, ಅವರಿಗೆ ಮೂವತ್ತು ಕೆಲಸ. ಆದರೆ ಕೆಂಪು ಹಳದಿ ಅದಲುಬದಲಾದರೆ ಗೆರೆ ತಲೆಕೆಳಗಾಗುತ್ತದೆ ಅಂತ ನೀನು ತೋರಿಸಿದ್ದೆ, ಅಲ್ವಾ? ಅದು ನನ್ನ ತಲೆಯಿಂದ ಹೋಗುವುದೇ ಇಲ್ಲ. 2025ರಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಸಾವಿನ ಸುದ್ದಿ ಬಂದು, ಜನ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರಲ್ಲ, ಆಗಲೂ ಅಷ್ಟು ಜನಕ್ಕೆ ಪಟ್ಟಿ ತೆಗೆಯುವವರು ಯಾರು ಅಂತಲೇ ಯೋಚಿಸಿದೆ.

ಇರಲಿ. ಈಗ ನಿನ್ನ ವಿಷಯ. ಆ ಆಸ್ಪತ್ರೆ ಬಿಡು, ನಾನೇ ಹೇಳುತ್ತೇನೆ. ಆದರೆ ಈ ವಿದ್ಯೆ ಬಿಡಬೇಡ. ವರ್ಷದಿಂದ ನಿನ್ನನ್ನು ಇಸಿಜಿ ರೂಮು, ಬಿಲ್ಲಿಂಗ್ ಕೌಂಟರು, ಇಷ್ಟರಲ್ಲೇ ತಿರುಗಿಸುತ್ತಿದ್ದಾರೆ. ಇಸಿಜಿ ಒಂದನ್ನೇ ಮಾಡಿಕೊಂಡಿದ್ದರೆ ಸಂಬಳ ಏರುವುದಿಲ್ಲ, ನೀನು ಹೇಳಿದ್ದು ನಿಜ. ಮುಂದಿನ ಕಡೆ ಸೇರುವಾಗ ಎಷ್ಟು ಕೊಡುತ್ತೀರಿ ಅನ್ನುವುದಕ್ಕಿಂತ ಮುಂಚೆ ಯಾವ ಮೆಷಿನ್ ಮೇಲೆ ಕೂರಿಸುತ್ತೀರಿ ಅಂತ ಕೇಳು. ನಡೆಸಿ ಇಸಿಜಿ ತೆಗೆಯುವ ಟಿಎಂಟಿ, ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್ ಆದರೂ ಸೈ. ಎಕೋ, ಇಲ್ಲಾ ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಆದರೆ ಕಣ್ಣುಮುಚ್ಚಿ ಸೇರು, ಇದೇ 16 ಸಾವಿರ ಕೊಟ್ಟರೂ. ನಿನ್ನ ಸೀನಿಯರ್ ಕ್ಯಾಥ್ ಲ್ಯಾಬಿಗೆ ಸೇರಿ ನಾಲ್ಕನೇ ವರ್ಷಕ್ಕೆ 32 ಸಾವಿರ ತೆಗೆದುಕೊಳ್ಳುತ್ತಿದ್ದಾಳೆ ಅಂತ ನೀನೇ ಹೇಳಿದ್ದೆ. ಅವಳೂ ಮೊದಲು 14 ಸಾವಿರಕ್ಕೇ ಸೇರಿದವಳು.

ರೈಲ್ವೆ ನೋಡು. 2024ರ ಪ್ಯಾರಾಮೆಡಿಕಲ್ ನೇಮಕಾತಿಯಲ್ಲಿ ಇಸಿಜಿ ಟೆಕ್ನಿಷಿಯನ್, ಕಾರ್ಡಿಯಾಕ್ ಟೆಕ್ನಿಷಿಯನ್ ಎರಡಕ್ಕೂ ಮೂಲ ವೇತನ 25,500. ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್‌ಗೆ 35,400. ಮೇಲೆ ಡಿ.ಎ. ಸರ್ಕಾರವೇ ಇಸಿಜಿಗೂ ಕ್ಯಾಥ್ ಲ್ಯಾಬಿಗೂ ನಡುವೆ ಹತ್ತಿರ ಹತ್ತು ಸಾವಿರದ ವ್ಯತ್ಯಾಸ ಇಟ್ಟಿದೆ. ಹುದ್ದೆ ಬೆರಳೆಣಿಕೆಯಷ್ಟೇ, ಗೊತ್ತು. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಅರ್ಜಿ ಕರೆದಾಗ ಹಾಕು, ಆದರೆ ಅದನ್ನೇ ನಂಬಿ ಕೂರಬೇಡ. ಗಲ್ಫ್‌ಗೆ ಹೋಗುತ್ತೀಯಾ, ಹೋಗು, ತಡೆಯುವುದಿಲ್ಲ. ಅಲ್ಲಿಯವರೂ ಅನುಭವ ಎಷ್ಟು ವರ್ಷ ಅಂತ ಕೇಳುತ್ತಾರೆ, ಸರ್ಟಿಫಿಕೇಟು ಡೇಟಾಫ್ಲೋ ಅನ್ನುವ ಕಂಪನಿಯಲ್ಲಿ ತಪಾಸಣೆ ಆಗುತ್ತದೆ. ಕೋಡಿಂಗ್‌ನಲ್ಲಿ ಎರಡು ವರ್ಷ ಕಳೆದು ವಾಪಸ್ ಬಂದರೆ ಆ ಎರಡು ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ. ಕೋಡಿಂಗ್ ಕೆಟ್ಟ ಕೆಲಸ ಅಂತ ನಾನು ಹೇಳುತ್ತಿಲ್ಲ. ನಿನ್ನ ಕೈ ಈಗ ಹದಕ್ಕೆ ಬರುತ್ತಿದೆ, ಅದಕ್ಕೆ ಸಂಕಟ.

ಇನ್ನೊಂದು. ನರ್ಸುಗಳಿಗೆ 1947ರಲ್ಲೇ ಕೌನ್ಸಿಲ್ ಕಾನೂನು ಬಂತು. ನಿಮ್ಮಂಥ ಟೆಕ್ನಾಲಜಿಸ್ಟ್‌ಗಳಿಗೆ ರಾಷ್ಟ್ರೀಯ ಆಯೋಗದ ಕಾನೂನು ಬಂದಿದ್ದು 2021ರಲ್ಲಿ. ಇಷ್ಟು ದಿನ ಹೇಳುವವರು ಕೇಳುವವರು ಇರಲಿಲ್ಲ, ಅದಕ್ಕೇ ಆಸ್ಪತ್ರೆಯವರು ಬಾಯಿಗೆ ಬಂದ ಸಂಬಳ ಹೇಳುತ್ತಾರೆ. ಆ ಕಾನೂನಿನ ಪ್ರಕಾರದ ನೋಂದಣಿ ವಿಷಯ ಸುಮ್ನೆ ಬಿಡಬೇಡ, ನಿಮ್ಮ ಕಾಲೇಜಿನಲ್ಲಿ ವಿಚಾರಿಸಿ ಮಾಡಿಸು. ನೇಮಕಾತಿ ಪತ್ರ ಇಲ್ಲದೆ ಎಲ್ಲೂ ಸೇರಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಡಬೇಡ. ಬಾಂಡ್ ಇದೆ ಅಂದರೆ ಓದದೆ ಸಹಿ ಹಾಕಬೇಡ.

ಕ್ಯಾಥ್ ಲ್ಯಾಬ್ ಸೇರು ಅಂತ ಬರೆದುಬಿಟ್ಟೆ, ಈಗ ಅಲ್ಲಿನ ಎಕ್ಸ್‌ರೇ ನೆನೆದು ಹೆದರಿಕೆ ಆಗುತ್ತಿದೆ. ಲೆಡ್ ಏಪ್ರನ್ ಭಾರ ಅಂತ ತೆಗೆದಿಡಬೇಡ, ಕುತ್ತಿಗೆಯ ಥೈರಾಯ್ಡ್ ಕಾಲರ್ ಮರೆಯಬೇಡ. ಮೈಗೆ ಬಿದ್ದ ಎಕ್ಸ್‌ರೇ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಲಾಕರ್‌ನಲ್ಲಿ ಬಿಟ್ಟು ಕೆಲಸಕ್ಕೆ ಇಳಿಯುವವರಿದ್ದಾರೆ ಅಂತ ನೀನೇ ಹೇಳಿದ್ದೆ. ನೀನು ಹಾಗೆ ಮಾಡಬೇಡ, ಮೂರು ತಿಂಗಳಿಗೊಮ್ಮೆ ರೀಡಿಂಗ್ ಎಷ್ಟು ಬಂತು ಅಂತ ಕೇಳಿ ಬರೆದಿಟ್ಟುಕೋ. ಬೆಳಗ್ಗೆ ತಿಂಡಿ ಬಿಟ್ಟು ಹೋಗಬೇಡ. ಜಾಸ್ತಿ ಆಯಿತು ಅಂತ ನೀನು ಬೈಯುತ್ತೀಯ, ಬೈಯಿ.

ಊರಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಅಂತ ಕೇಳಿದರೆ ನಾನು ಪೂರ್ತಿ ಹೇಳುತ್ತೇನೆ, ಕಾರ್ಡಿಯಾಕ್ ಟೆಕ್ನಾಲಜಿಸ್ಟ್ ಅಂತ. ಹೇಳುವಾಗ ನನ್ನ ದನಿ ಏರುತ್ತದೆ ಅಂತ ಅಪ್ಪ ಹೇಳುತ್ತಾರೆ.

ಮುಂದಿನ ಆರು ತಿಂಗಳು ಲೋನಿನ ಕಂತಿನಲ್ಲಿ 3 ಸಾವಿರ ನಾನು ಕಟ್ಟುತ್ತೇನೆ, ಸ್ವಸಹಾಯ ಸಂಘದಲ್ಲಿ ಮಾತಾಡಿದ್ದೇನೆ. ಬೇಡ ಅನ್ನಬೇಡ. ಆ ಕೋಡಿಂಗ್ ಕಂಪನಿಯವರ ಹತ್ತಿರ ಹದಿನೈದು ದಿನ ಟೈಮ್ ಕೇಳು. ಅಷ್ಟರಲ್ಲಿ ಬೆಂಗಳೂರು, ಮೈಸೂರು ಎರಡೂ ಕಡೆ ಎಕೋ, ಕ್ಯಾಥ್ ಲ್ಯಾಬಿಗೆ ಬಯೋಡೇಟಾ ಕೊಟ್ಟು ನೋಡು. ಎಲ್ಲೂ ಆಗಲಿಲ್ಲ ಅಂದರೆ ನಿನ್ನ ಇಷ್ಟ, ಆಮೇಲೆ ನಾನು ಒಂದು ಮಾತೂ ಆಡುವುದಿಲ್ಲ. ಭಾನುವಾರ ಹತ್ತು ಗಂಟೆ ಮೇಲೆ ಫೋನ್ ಮಾಡು, ಅಷ್ಟರಲ್ಲಿ ಸಂತೆಯಿಂದ ಬಂದಿರುತ್ತೇನೆ.

ನಿನ್ನ ಅಮ್ಮ